ಕೆಂಡ ಕೊಟ್ಟ ಯಜಮಾನ್ತಿ

ಶೀಳನೆರೆಯಲ್ಲಿ ನನ್ನ ಹೆಸರು ಇಂದ್ರಮ್ಮ ಅಂತ ಗೊತ್ತಿರುವವರು ಕಮ್ಮಿ. ಆಳುಗಳಿಗೆ ನಾನು ಅಮ್ಮಾವ್ರು, ಸ್ಕೂಲಿನ ಮೇಷ್ಟ್ರ ಬಾಯಲ್ಲಿ ಗೃಹಿಣಿ, ಊರಿಗೆಲ್ಲ ಯಜಮಾನ್ತಿ. ಅತ್ತೆ ಸಾಯುವ ಮುಂಚೆ ಕಣಜದ ಬೀಗದ ಕೈಯನ್ನು ನನ್ನ ಸೊಂಟಕ್ಕೆ ಸಿಕ್ಕಿಸಿದಾಗ ಬಂದ ಹೆಸರು ಅದು. ಮಕ್ಕಳಾಗಲಿಲ್ಲ, ಗಂಡನೂ ಹೋದ, ಹೆಸರು ಮಾತ್ರ ಉಳಿಯಿತು. ಮೈದುನರಾದ ಕರಿಯಯ್ಯ, ಲೋಕೇಶ ಇಬ್ಬರಿಗೂ ಮದುವೆ ಮಾಡಿದವಳು ನಾನೇ, ಅವರ ಹೆಂಡಿರ ಬಾಣಂತನ ಮಾಡಿದವಳೂ ನಾನೇ.

ತೊಂಬತ್ತಾರರ ಸಂಕ್ರಾಂತಿ ಕಳೆದ ಮೇಲೆ ಮನೆ ಭಾಗವಾಯಿತು. ಊರ ಹಿರಿಯ ಸೋಮಯ್ಯ ಜಗಲಿ ಮೇಲೆ ಕೂತು ಗದ್ದೆ, ಹಸು, ಪಂಪ್‌ಸೆಟ್ಟು ಎಲ್ಲ ಹಂಚಿ ಮುಗಿಸಿ, "ಇಂದ್ರಮ್ಮಂಗೇನ್ರಪ್ಪಾ?" ಅಂದ.

"ಅತ್ಗೆಗೆ ನಾವೇನ್ ಭಾಗ ಕೊಡೋದು? ಇದೆಲ್ಲ ಅವ್ರದೇ ಅಲ್ವಾ. ಅವ್ರು ಯಜಮಾನ್ತಿ ಕಣಣ್ಣ," ಅಂದ ಕರಿಯಯ್ಯ. ಲೋಕೇಶನೂ ತಲೆಯಾಡಿಸಿದ.

ಬಾಗಿಲ ಹಿಂದೆ ನಿಂತಿದ್ದ ನನಗೆ ಎದೆ ತುಂಬಿ ಬಂತು. ಸೆರಗಿನಲ್ಲಿ ಕಣ್ಣೊರೆಸಿಕೊಂಡೆ. ಯಾವ ಮನೆಹಾಳ ದೇವರು ಆಗ ನನ್ನ ಬಾಯಿ ಕಟ್ಟಿದನೋ ಗೊತ್ತಿಲ್ಲ.

ಮನೆಯನ್ನು ಎರಡು ಮಾಡುವ ಹೊಸ ಗೋಡೆ ಅಡುಗೆಮನೆಯ ಒಲೆಯ ಮೇಲೇ ಹಾದು ಹೋಗಬೇಕಿತ್ತು. ನಮ್ಮ ಮನೆತನದಲ್ಲಿ ಒಲೆ ಬೇರೆಯಾದರೆ ಹೊಸ ಒಲೆಗೆ ಬೆಂಕಿಕಡ್ಡಿ ಗೀರುವುದಿಲ್ಲ. ಹಳೇ ಒಲೆಯ ಕೆಂಡವನ್ನು ಯಜಮಾನ್ತಿ ತನ್ನ ಕೈಯಾರೆ ಕೊಡಬೇಕು, ಆಮೇಲೆ ಹಳೆಯದಕ್ಕೆ ನೀರು ಹಾಕಿ ಕೀಳಬೇಕು. ಒಲೆ ಕೀಳುವ ದಿನ ಬೆಳಿಗ್ಗೆ ಮಿಂದು, ಮಡಕೆ ಚೂರಿನಲ್ಲಿ ಕೆಂಡ ತುಂಬಿಕೊಂಡು ಮೊದಲು ಕರಿಯಯ್ಯನ ಕಡೆಗೆ ಹೋದೆ.

ಅವನ ಹೆಂಡತಿ ಸಣ್ಣಮ್ಮ ಹೊಸ್ತಿಲಲ್ಲೇ ಅಡ್ಡ ನಿಂತಳು. "ಅಲ್ಲೇ ಇಟ್ಬುಡಕ್ಕ. ಮೊದಲ್ನೇ ದಿನ, ಮುತ್ತೈದೆ ಕೈಲಿ ಒಲೆಗೆ ಆಕುಸ್ತೀನಿ."

ಇಟ್ಟೆ. ಇಷ್ಟು ವರ್ಷ ನಾನು ಬೇಯಿಸಿದ್ದನ್ನು ಉಂಡ ಬಾಯಿ ಅದು. ಲೋಕೇಶನ ಹೆಂಡತಿ ಲತ ಒಳ್ಳೆಯವಳು, ಏನೂ ಅನ್ನಲಿಲ್ಲ. ಬಾಗಿಲಲ್ಲೇ ಇಕ್ಕಳ ಚಾಚಿ ಕೆಂಡ ಇಸಿದುಕೊಂಡಳು.

ವಾಪಸ್ ಬಂದು ನನ್ನ ಒಲೆಗೆ ನಾನೇ ನೀರು ಹಾಕಿದೆ. ಗಾರೆಯವನು ಅದನ್ನು ಕಿತ್ತು ಕಲ್ಲುಗಳನ್ನು ಅಂಗಳಕ್ಕೆ ಎಸೆದ.

ಮಧ್ಯಾಹ್ನ ಎರಡೂ ಕಡೆಯಿಂದ ಒಗ್ಗರಣೆ ವಾಸನೆ ಬಂತು. ಕರೆಯುತ್ತಾರೆ ಅಂತ ಜಗಲಿ ಮೇಲೆ ಕೂತೆ. ಲೋಕೇಶ ಉಂಡು ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದ. "ಅಣ್ಣನ ಮನೇಲಿ ಊಟ ಆಯ್ತಾ ಅತ್ಗೆ?" ಅಂದ. ಸ್ವಲ್ಪ ಹೊತ್ತಿಗೆ ಕರಿಯಯ್ಯ ಎಲೆಅಡಿಕೆ ಮೆಲ್ಲುತ್ತಾ ಬಂದ. "ಲೋಕೇಶನ ಮನೇಲಿ ಏನ್ ಸಾರು ಅತ್ಗೆ?" ಇಬ್ಬರೂ ಉತ್ತರಕ್ಕೆ ಕಾಯಲಿಲ್ಲ.

ಹೇಳಬಹುದಿತ್ತು. ಬಡಿಸಿ ಅಭ್ಯಾಸವೇ ಹೊರತು ಅನ್ನ ಕೇಳಿ ಅಭ್ಯಾಸವಿಲ್ಲ ನನಗೆ. ಇವರಿಬ್ಬರನ್ನೂ ಸಾಕಿದ ಈ ಕೈ ಸೇದಿಹೋಗಬಾರದಿತ್ತೇ ಅನ್ನಿಸಿ ಅಳು ಬಂತು.

ಹೊತ್ತು ಇಳಿಯುವಾಗ ಶಂಖ ಊದಿಕೊಂಡು ದಾಸಯ್ಯ ಬಂದ. ಪ್ರತಿ ಶನಿವಾರದಂತೆ ನೇರ ನನ್ನ ಮುಂದೆಯೇ ನಿಂತ.

"ಯಜಮಾನ್ತಮ್ಮಾರೇ, ಒಂದಿಡಿ ರಾಗಿ ಆಕಿ."

ಕೈ ತಾನಾಗಿ ಸೊಂಟಕ್ಕೆ ಹೋಯಿತು. ಕಣಜ ಹಂಚಿದ ಮೇಲೆ ಅಲ್ಲಿ ಬೀಗದ ಕೈ ಇರಲಿಲ್ಲ.

"ಈ ಮನೇಲಿ ಯಜಮಾನ್ತಿ ಇಲ್ಲ ಕಣಪ್ಪ, ಮುಂದ್ಕೋಗು," ಅಂದೆ.

ಅವನು ಅಂಗಳದ ಕಲ್ಲುಗಳನ್ನು ನೋಡಿದ, ನನ್ನ ಮುಖ ನೋಡಿದ. ಜೋಳಿಗೆಯಿಂದ ಯಾರೋ ಹಾಕಿದ್ದ ತಣ್ಣನೆಯ ಮುದ್ದೆ ತೆಗೆದು ನನ್ನ ಪಕ್ಕದಲ್ಲಿಟ್ಟು ಹೊರಟುಹೋದ.

ಗೋಡೆಯ ಕಡೆ ತಿರುಗಿ ಕೂತು ಅದನ್ನು ತಿಂದೆ.