ನೂತನಳ ಎಣ್ಣೆ ಡಬ್ಬಿ

ಗಡಹಿಂಗ್ಲಜದಲ್ಲಿ ಸೈಕಲ್ ಫ್ರೇಮು ಬೆಸೆಯುವವನು ಈಗ ನಾನೊಬ್ಬನೇ. ಹೆಸರು ಸಿದ್ರಾಮ, ಊರಿಗೆಲ್ಲ ಮಿಸ್ತ್ರಿ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಈ ಸಲ ಬೈಸಿಕೊಳ್ಳಬೇಕಾದವನು ನಾನೇ, ಆದರೆ ಬೈಯುವವರು ಯಾರೂ ಇಲ್ಲ.

ಹೋದ ತಿಂಗಳು ಇಚಲಕರಂಜಿಯಿಂದ ನೂತನ ಎಂಬ ಹೆಣ್ಣುಮಗಳು ನೀಲಿ ಫ್ರೇಮೊಂದನ್ನು ಕಾರಿನ ಹಿಂದಿನ ಸೀಟಿನ ಮೇಲೆ ಮಲಗಿಸಿ ತಂದಳು. ಅವಳಪ್ಪ ಧರಣೇಂದ್ರ ಐವತ್ತು ವರ್ಷದ ಹಿಂದೆ ಕೊಲ್ಹಾಪುರದಲ್ಲಿ ರೇಸ್ ಹೊಡೆದ ಸೈಕಲ್ಲಿನದು. ಗೋಡೆಯ ಕೊಕ್ಕೆಯಿಂದ ಬಿದ್ದು ಮೇಲಿನ ಪೈಪು ಮುಂದಿನ ಬೆಸುಗೆಯಲ್ಲಿ ಕಳಚಿತ್ತು.

"ನಮ್ಮೂರಾಗ ಯಾರೂ ಮುಟ್ಟವಲ್ಲರು ಕಾಕಾ. ಪೈಪ ತೆಳ್ಳಗೈತಿ, ಸುಟ್ಟ ಹೋಗತೈತಿ ಅಂತಾರ."

"ಮಗ್ಗದ ಕಬ್ಬಿಣ ಬೆಸಿಯೋ ಮಂದಿ ಅವರು. ಅವರಿಗೇನ ತಿಳೀತೈತಿ? ಇಲ್ಲಿ ಕೇಳು," ಎಂದು ನಟ್ಟು ಬಿಗಿಯುವ ಪಾನಾ ತೆಗೆದುಕೊಂಡು, ಅಂಗಡಿಯಲ್ಲಿದ್ದ ಹಾಲಿನವನ ಸೈಕಲ್ಲಿಗೆ ಬಡಿದೆ. ಧಬ್. "ಇದು ತಗಡ ಸುತ್ತಿ ಅಂಚ ಬೆಸದ ಪೈಪ. ಎರಡ ಕ್ಯಾನ ಹಾಲ ಹೊರತೈತಿ, ಖರೆ, ಮಾತಾಡೂದಿಲ್ಲ." ಆಮೇಲೆ ನೀಲಿ ಫ್ರೇಮಿಗೆ ಮೆಲ್ಲಗೆ ತಾಕಿಸಿದೆ. ಟಿಣ್ ಎಂದದ್ದು ಎಷ್ಟೋ ಹೊತ್ತು ನಿಲ್ಲಲಿಲ್ಲ. "ಇದಕ್ಕ ಎಲ್ಲೂ ಅಂಚಿಲ್ಲ. ಎರಡೂ ತುದಿ ದಪ್ಪ, ನಡುವ ಬರೇ ತಗಡಿನಷ್ಟ ತೆಳುವ. ಉಕ್ಕಿನ್ಯಾಗ ಬ್ಯಾರೆ ಧಾತು ಕೂಡಿಸ್ಯಾರ."

ಆ ದನಿ ಕೇಳಿ ನೂತನಳ ಕಣ್ಣು ತುಂಬಿದವು. ಧರಣೇಂದ್ರನಿಗೆ ಮರೆವಿನ ರೋಗವಂತೆ. ಮಗಳ ಗುರುತೂ ಸಿಗುವುದಿಲ್ಲ. ಆದರೆ ದಿನಾ ಬೆಳಿಗ್ಗೆ ಮೇಲಿನ ಪೈಪಿಗೆ ಬೆರಳ ಗೆಣ್ಣಿನಿಂದ ಬಡಿದು, ಕಿವಿ ಹಚ್ಚಿ ಕೇಳಿ, "ನೂತನಾ, ಎಣ್ಣಿ ತಾರವ್ವಾ" ಅಂತಾನಂತೆ. ಇಡೀ ದಿನದಲ್ಲಿ ಅವಳ ಹೆಸರು ಅವನ ಬಾಯಲ್ಲಿ ಬರುವುದು ಅದೊಂದೇ ಸಲ.

"ಫ್ರೇಮ ಬಿದ್ದಾಗಿಂದ ಕರದಿಲ್ಲ ಕಾಕಾ. ಹದಿನೈದ ದಿನ ಆತು."

"ಕರೀತಾನ ತಗೊ. ಸಿದ್ರಾಮ ಹೇಳ್ಯಾನಂದ್ರ ಮುಗೀತು!" ಎಂದೆ. ಹಾಳು ಬಾಯಿ ನನ್ನದು.

ಬೆಸುಗೆ ಚೆನ್ನಾಗಿಯೇ ಕೂತಿತು. ಬೆಸೆಯಲು ಕರಗಿಸಿದ ಹಿತ್ತಾಳೆ ಸುತ್ತಲೂ ಸಮನಾಗಿ ಹರಿದಿತ್ತು. ಆಮೇಲೆ ನನ್ನ ಕೈ ತಾನೇ ಬದಿಯ ತಂಬಿಗೆಗೆ ಹೋಯಿತು. ನಮ್ಮ ಕಡೆ ಹಾಲಿನವರು ಅಂಗಡಿ ಮುಂದೆ ಅವಸರ ಮಾಡುತ್ತ ನಿಂತಿರುತ್ತಾರೆ. ಬೆಸುಗೆ ಆರುವತನಕ ಯಾರು ಕಾಯಬೇಕು? ಕೆಂಪಗಿರುವಾಗಲೇ ನೀರು ಸುರಿದು ಕೊಟ್ಟು ಕಳಿಸುತ್ತೇವೆ. ನನಗೆ ಕೆಲಸ ಕಲಿಸಿದವನೂ ಹಾಗೇ ಮಾಡುತ್ತಿದ್ದ. ಹಾಲಿನ ಸೈಕಲ್ಲಿಗೆ ಅದರಿಂದ ಏನೂ ಆಗುವುದಿಲ್ಲ. ಈ ಉಕ್ಕನ್ನು ಮಾತ್ರ ತಾನಾಗಿ ಆರಲು ಬಿಡಬೇಕು, ಇಲ್ಲದಿದ್ದರೆ ಗಾಜಿನ ಹಾಗೆ ಪೆಡಸಾಗುತ್ತದೆ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಸುರಿದೆ.

ಚುಂಯ್ ಎಂದಿತು. ಹಿಂದೆಯೇ ಒಂದು ಸಣ್ಣ ಟಕ್. ಬಗ್ಗಿ ನೋಡಿದೆ. ಪೈಪಿನ ಸುತ್ತ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಮತ್ತೆ ಕಾಯಿಸಿ ತುಂಬಲು ಹೋದರೆ ಬಿರುಕು ನಡುವಿನ ತೆಳು ಭಾಗದತನಕ ಓಡಿತು. ಥೂ ನನ್ನ ಕೈಗಿಷ್ಟು! ಪೈಪನ್ನು ಕತ್ತರಿಸಿ ತೆಗೆಯಬೇಕಾಯಿತು.

ಎರಡು ದಿನ ಕೊಲ್ಹಾಪುರದ ಗುಜರಿ ಅಂಗಡಿಗಳಲ್ಲಿ ಸಿಕ್ಕ ಸಿಕ್ಕ ಪೈಪಿಗೆಲ್ಲ ಬಡಿಯುತ್ತ ತಿರುಗಿದೆ. ಮಂಚದ ಪೈಪು, ಕುರ್ಚಿಯ ಪೈಪು, ನೀರಿನ ಪೈಪು, ಎಲ್ಲವೂ ಧಬ್. "ಅಹೋ ಮಿಸ್ತ್ರಿ, ಅಸಲಾ ಪಾಯಿಪ ಆತಾ ಕುಠಂ ಮಿಳತೋಯ?" ಎಂದು ಅಂಗಡಿಯವನು ಮರಾಠಿಯಲ್ಲಿ ಕೇಳಿ ನಕ್ಕ. ಅಂಥ ಪೈಪು ಈಗೆಲ್ಲಿ ಸಿಗುತ್ತದೆ ಎಂದು ಅವನು ಕೇಳಿದ್ದು; ಎಲ್ಲೂ ಸಿಗುವುದಿಲ್ಲವೆಂದು ನನಗೂ ಗೊತ್ತಿತ್ತು. ಕೊನೆಗೆ ಅದೇ ಅಳತೆಯ ಸಾದಾ ಪೈಪು ತಂದು ಕೂರಿಸಿ, ಅದೇ ನೀಲಿ ಬಣ್ಣ ಬಳಿದೆ.

"ಆ ಹುಡುಗಿಗೆ ಇದ್ದದ್ದ ಹೇಳಿಬಿಡ್ರಿ," ಎಂದಳು ಹೆಂಡತಿ ಗುರುಸಿದ್ದವ್ವ.

"ನಾಲ್ವತ್ತ ವರ್ಷದ ಹೆಸರೈತಿ. ನೀ ಸುಮ್ನಿರ," ಎಂದು ಗದರಿದೆ. ಮರೆವಿನ ಮನುಷ್ಯ, ಅವನಿಗೇನು ತಿಳಿದೀತು ಎಂದು ಒಳಗೊಳಗೇ ಲೆಕ್ಕ ಹಾಕಿದ್ದೆ.

ಫ್ರೇಮನ್ನು ನಾನೇ ಇಚಲಕರಂಜಿಗೆ ಒಯ್ದೆ. ನೂತನ ಅದನ್ನು ಕೊಕ್ಕೆಗೆ ಹಾಕಿ, ಎಣ್ಣೆ ಡಬ್ಬಿ ಹಿಡಿದುಕೊಂಡು ಪಕ್ಕದಲ್ಲಿ ನಿಂತಳು. ಕಾಯುವವಳ ಮುಖ ನೋಡಲಾಗದೆ ನಾನು ಗೋಡೆ ನೋಡಿದೆ. ಧರಣೇಂದ್ರ ಎದ್ದು ಬಂದು ಗೆಣ್ಣಿನಿಂದ ಬಡಿದ. ಧಬ್. ಇನ್ನೊಮ್ಮೆ ಬಡಿದು ಕಿವಿ ಹಚ್ಚಿದ.

"ಇದು ನಂದಲ್ರಿ," ಎಂದ.

"ಅಪ್ಪಾ, ನಿಮ್ದ ಐತಿ. ಬಣ್ಣ ನೋಡ್ರಿ."

"ಯಾರೋ ಹಾಲಿನವಂದ ಐತ್ರಿ ಬಾಯಾರ. ಪಾಪ, ಹುಡುಕಾಕತ್ತಿರತಾನ. ಕೊಟ್ಟ ಬಿಡ್ರಿ." ಹೆತ್ತ ಮಗಳನ್ನು ಯಾರೋ ಹೊರಗಿನ ಹೆಂಗಸೆಂಬಂತೆ ಅಷ್ಟು ಮರ್ಯಾದೆಯಿಂದ ಬಾಯಾರ ಎಂದು ಕರೆದು, ಹೋಗಿ ಕುರ್ಚಿಯಲ್ಲಿ ಕೂತ.

ನನಗೆ ತಡೆಯಲಾಗಲಿಲ್ಲ. "ನಾ ಕೆಡಿಸೀನೆವ್ವಾ. ಕೆಂಪಗಿದ್ದಾಗ ನೀರ ಹಾಕಿದೆ. ಆ ಪೈಪ ಹೋತು, ಮತ್ತ ಸಿಗೂದಿಲ್ಲ," ಎಂದೆ. ಬೈದಿದ್ದರೆ, ಕಪಾಳಕ್ಕೆ ಬಾರಿಸಿದ್ದರೆ ಬದುಕುತ್ತಿದ್ದೆ. ಅವಳು ನನ್ನತ್ತ ತಿರುಗಿಯೂ ನೋಡಲಿಲ್ಲ. ಅಪ್ಪನ ಮುಂದೆ ಕುಕ್ಕರುಗಾಲಲ್ಲಿ ಕೂತು ಡಬ್ಬಿ ಮುಂದೆ ಹಿಡಿದಳು.

"ಅಪ್ಪಾ, ಎಣ್ಣಿ ತಂದೇನಿ."

ಅವನು ಡಬ್ಬಿ ನೋಡಿದ, ಅವಳ ಮುಖ ನೋಡಿದ.

"ಎದಕ್ಕ್ರೀ ಬಾಯಾರ?"