ಕೆಂಪು ಸಾಲುಗಳು

"ಹನ್ನೆರಡು ವರ್ಷ ಬರೆದ ಕೋಡ್‌ಗೆ ಮೈತುಂಬ ಕೆಂಪು ಬಳಿದಿದ್ದೀಯಲ್ಲ, ನಾನೇನು ನಪಾಸಾದವನಾ?" ಎಲ್ಲರೂ ದೊಡ್ಡಪ್ಪ ಎನ್ನುತ್ತಿದ್ದ ಹಿರಿಯ ಪ್ರೋಗ್ರಾಮರ್ ಮೇಜು ಗುದ್ದಿದರು.

"ದೊಡ್ಡಪ್ಪಾ, ನಾನು ತೆಗೆದ ಸಾಲು ಕೆಂಪು, ಸೇರಿಸಿದ್ದು ಹಸಿರು. ಕೋಡ್ ಇಡೋ ಎಲ್ಲಾ ವೆಬ್‌ಸೈಟಲ್ಲೂ ಬದಲಾವಣೆ ಹೀಗೇ ತೋರ್ಸೋದು," ಎಂದಳು ಪ್ರಾಜೆಕ್ಟಿನ ವೆಬ್‌ಸೈಟ್ ನೋಡಿಕೊಳ್ಳುವವಳು.

"ಮೇಷ್ಟ್ರು ಕೆಂಪು ಶಾಯಿ ಹಾಕಿದ್ರೆ ಅಪ್ಪನಿಗೆ ಕಾಣದಂಗೆ ಪುಸ್ತಕ ಬಚ್ಚಿಡ್ತಿದ್ದೆ. ನೀನು ಊರಿಗೆಲ್ಲ ತೋರಿಸ್ತೀಯಾ?"

"ಕೆಂಪು ಕಂಡ್ರೆ ಹಾಯೋಕೆ ನೀವೇನು ಗೂಳಿನಾ?"

ಅವರು ನಗಲಿಲ್ಲ. ಚೀಲ ಹೆಗಲಿಗೇರಿಸಿ ಹೊರಟೇಹೋದರು. ಆಡಿದ ಮಾತು ಒಡೆದ ಮುತ್ತು.

ಅವಳು ಆ ಕೆಂಪು ಸಾಲುಗಳನ್ನು ಮೊದಲ ಸಲ ಪೂರ್ತಿ ಓದಿದಳು. ತನ್ನ ಹಸಿರೆಲ್ಲ ನಿಂತದ್ದು ಅವುಗಳ ಹೆಗಲ ಮೇಲೇ. ವೆಬ್‌ಸೈಟಿನಲ್ಲಿ ಕೆಂಪನ್ನು ತಿಳಿ ಬೂದು ಮಾಡಿ, ಪಕ್ಕದಲ್ಲಿ ಬರೆದವರ ಹೆಸರು ಕಾಣುವಂತೆ ಮಾಡಿದಳು. ಸಂಜೆಯವರೆಗೂ ಬಾಗಿಲು ನೋಡಿದಳು. ದೊಡ್ಡಪ್ಪ ಮರುದಿನವೂ ಬರಲಿಲ್ಲ, ಆಮೇಲೂ ಬರಲಿಲ್ಲ.