ಚಾಕುವಿಗೆ ನಾಲ್ಕು ಮುಖದ ದಾಳ

ಬಾಯಿ ಮುಚ್ಚು, ಚಾಕು ಹಗುರ ಆಯುಧ, ಅದಕ್ಕೆ ನಾಲ್ಕು ಮುಖದ ದಾಳ ಸಾಕು ಅಂತ ಮಗಳಿಗೆ ಅಂದೆ, ಮೇಜು ಗುದ್ದಿಯೇ ಅಂದೆ, ರಟ್ಟಿನ ಕೋಟೆಯ ಮೇಲಿದ್ದ ಗೊಂಬೆಗಳೆಲ್ಲ ಉರುಳಿದವು, ಮಗಳದ್ದೂ ಉರುಳಿತು — ಆಟದಲ್ಲಿ ಅವಳು ಕಳ್ಳಿ, ಸೊಂಟದಲ್ಲಿ ಒಂದೇ ಒಂದು ಚಾಕು — ಮೂವತ್ತು ವರ್ಷ ಕುಲುಮೆಯಲ್ಲಿ ಕಬ್ಬಿಣ ಬಡಿದವನಿಗೆ ಇವಳು ಪಾಠ ಹೇಳುವುದೇ, ಆಟ ನಡೆಸುವವನು ನಾನು, ಆಯುಧಗಳ ಪಟ್ಟಿ ನನ್ನದು, ಒಂದೊಂದನ್ನೂ ತಕ್ಕಡಿಯಲ್ಲಿ ತೂಗಿ ಬರೆದದ್ದು, ದಾಳದಲ್ಲಿ ಎಷ್ಟು ಬೀಳುತ್ತದೋ ಅಷ್ಟು ಪೆಟ್ಟು, ಭಾರದ ಕೊಡಲಿಗೆ ಹನ್ನೆರಡು ಮುಖದ ದಾಳ, ಕತ್ತಿಗೆ ಎಂಟು, ಚಾಕುವಿಗೆ ನಾಲ್ಕು. ನನ್ನ ಸೂಜಿಗೆ ಯಾವ ದಾಳ ಅಣ್ಣಾ ಅಂತ ನಮ್ಮ ಜೊತೆ ಆಡುತ್ತಿದ್ದ ದರ್ಜಿ ಹಲ್ಲು ಕಿರಿದ, ನಾನೂ ನಕ್ಕೆ, ಅವಳು ನಗಲಿಲ್ಲ. ಅಪ್ಪ, ಕೊಡಲಿ ಎತ್ತೋದು ಕಾಣುತ್ತೆ, ಓಡಬಹುದು, ಚಾಕು ಕಾಣೋ ಹೊತ್ತಿಗೆ ಕುತ್ತಿಗೆ ಹತ್ರ ಇರುತ್ತೆ, ಅಡುಗೆಮನೆಯಲ್ಲಿ ಎಲ್ಲಿಗೆ ಅಂತ ಓಡೋದು — ಅಡುಗೆಮನೆ ಅಂದಳು, ನಮ್ಮ ಆಟದಲ್ಲಿ ಅಡುಗೆಮನೆಯೇ ಇಲ್ಲ, ಕೋಟೆ, ಕಾಡು, ಸುರಂಗ, ಅಷ್ಟೇ, ಆಗಲೇ ಕೇಳಬೇಕಿತ್ತು, ನನ್ನ ಹಾಳು ಸಿಟ್ಟು, ಚಾಕುವಿಗೆ ಹೆದರೋ ಪುಕ್ಕಲಿಗೆ ಇಲ್ಲೇನು ಕೆಲಸ, ಗಂಡನ ಮನೆಗೆ ನಡಿ ಅಂದುಬಿಟ್ಟೆ. ಎರಡು ವಾರದಿಂದ ಇಲ್ಲೇ ಇದ್ದಳು, ಯಾಕೆ ಬಂದೆ ಅಂತ ಕೇಳಿದೆನೇ, ಈ ಸೆಖೆಯಲ್ಲೂ ಕುತ್ತಿಗೆಗೆ ಬಟ್ಟೆ, ಬಾಗಿಲಿಗೆ ಬೆನ್ನು ಕೊಟ್ಟು ಒಂದು ದಿನವೂ ಕೂರಲಿಲ್ಲ — ಆಯ್ತಪ್ಪ, ನಿನ್ನ ಪಟ್ಟಿನೇ ಸರಿ, ಅಂತ ದಾಳ ಎಸೆದು ಎದ್ದಳು, ಬಟ್ಟೆ ಜಾರಿತು, ಗಂಟಲ ಕೆಳಗೆ ಒಂದು ಗೆರೆ, ಕೂದಲೆಳೆಯಷ್ಟು, ಯಾವ ಅಲಗು ಎಂಥ ಗೆರೆ ಬಿಡುತ್ತದೆ ಅಂತ ನನಗೆ ಗೊತ್ತಿಲ್ಲವೇ, ಅವಳ ಮದುವೆಗೆ ಅಡುಗೆಮನೆಯ ಚಾಕು ಮಾಡಿಕೊಟ್ಟವನು ನಾನೇ, ತಿಂಗಳುಗಟ್ಟಲೆ ಸಾಣೆ ಬೇಡದ ಚಾಕು, ನನ್ನ ಕೈಯಾರೆ ಮಸೆದದ್ದು, ನನ್ನ ಕೈಯಾರೆ — ಅವಳ ಹಿಂದೆ ಬಾಗಿಲು ಬಡಿಯಿತು, ನಿಲ್ಲೇ ಅನ್ನಲಿಲ್ಲ, ದರ್ಜಿ ಓಡಿದವನು ಏದುಸಿರು ಬಿಡುತ್ತ ಬಂದ, ಬಸ್ಸು ಹೋಯ್ತು ಅಣ್ಣಾ, ಹತ್ತಿಬಿಟ್ಳು, ಫೋನು ಮಾಡುತ್ತಲೇ ಇದ್ದೇನೆ, ಎತ್ತುತ್ತಿಲ್ಲ, ಈಗ ಇಳಿದಿರಬೇಕು, ಈಗ ಆ ಮನೆಯ ಮೆಟ್ಟಿಲು, ಈಗ ಅವನು ಬಾಗಿಲು ತೆಗೆದಿರಬೇಕು, ಎತ್ತು ಮಗಳೇ, ಬೈಯಲ್ಲ, ಎತ್ತು, ಮೇಜಿನ ಮೇಲೆ ಅವಳು ಎಸೆದ ದಾಳ, ಬೇರೆ ದಾಳಗಳು ಹೇಗೆ ಬಿದ್ದರೂ ಒಂದು ಮುಖ ಮೇಲೆ ಮಾಡಿ ಮಲಗುತ್ತವೆ, ನಾಲ್ಕು ಮುಖದ್ದು ಮಲಗುವುದಿಲ್ಲ, ಗೋಪುರದ ಹಾಗೆ ಮೊನೆ ಮೇಲೆ ಮಾಡಿ ಕೂರುತ್ತದೆ, ತಿರುಗಿಸಿ ಇಡುತ್ತೇನೆ, ಮತ್ತೆ ಮೊನೆ ಮೇಲೆ, ಮತ್ತೆ ತಿರುಗಿಸುತ್ತೇನೆ, ಆ ಕಡೆ ಅವಳ ಫೋನು ಬಡಿದುಕೊಳ್ಳುತ್ತಿದೆ, ಮೊನೆ ಮೇಲೆ